ರಾತ್ರಿ ಮೌಂಟನ್ ಬೈಕಿಂಗ್ ಮತ್ತು ಹೆಲ್ಮೆಟ್ ಲೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಬೆಂಗಳೂರಿನ ದಕ್ಷಿಣದ ಹೊರವಲಯದಲ್ಲಿ. ಹಗಲೆಲ್ಲ ಕೆಲಸ. ಸೈಕಲ್ ಹತ್ತಲು ಸಿಗುವುದು ರಾತ್ರಿ ಊಟಕ್ಕೆ ಮುಂಚಿನ ಎರಡು ಗಂಟೆ, ಇಲ್ಲವೇ ಬೆಳಗಿನ ಜಾವ ನಾಲ್ಕೂವರೆಯಿಂದ ಸೂರ್ಯ ಹುಟ್ಟುವವರೆಗೆ. ಕೆರೆ ಏರಿ, ಬಂಡಿದಾರಿ, ನೀಲಗಿರಿ ತೋಪಿನ ಅಂಚು, ಹೊಲಗಳ ನಡುವಿನ ಕಾಲುದಾರಿ. ಇವೇ ನಮ್ಮ ಟ್ರೇಲ್‌ಗಳು. ನಮ್ಮ ಜೊತೆ ಹೊಸದಾಗಿ ಸೇರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ಕತ್ತಲಲ್ಲಿ ನಿಂತು ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಹ್ಯಾಂಡಲ್‌ಗೆ ಒಳ್ಳೆಯ ಲೈಟ್ ಇದೆ. ತಲೆಗೂ ಇನ್ನೊಂದು ಯಾಕೆ?

ಹ್ಯಾಂಡಲ್ ಲೈಟ್ ಬೆಳಕು ಚೆಲ್ಲುವುದು ಹ್ಯಾಂಡಲ್ ತಿರುಗಿದ ಕಡೆಗೆ. ಟಾರ್ ರೋಡಿನಲ್ಲಿ ಅಷ್ಟು ಸಾಕು. ಕಾಲುದಾರಿಯ ತಿರುವಿನಲ್ಲಿ ಸಾಲುವುದಿಲ್ಲ. ನಿಮ್ಮ ಕಣ್ಣು ತಿರುವಿನ ಆಚೆ ಏನಿದೆ ಎಂದು ಹುಡುಕುತ್ತಿರುತ್ತದೆ, ಹ್ಯಾಂಡಲ್ ಇನ್ನೂ ಈಚೆಯೇ ಇರುತ್ತದೆ. ಬೆಳಕೆಲ್ಲ ಎದುರಿನ ಲಂಟಾನ ಪೊದೆಯ ಮೇಲೆ, ನೀವು ಹೋಗಬೇಕಾದ ಜಾಗ ಮಾತ್ರ ಕತ್ತಲಲ್ಲಿ. ಹೆಲ್ಮೆಟ್ ಲೈಟ್ ಇದ್ದರೆ ತಲೆ ತಿರುಗಿದ ಕಡೆ ಬೆಳಕೂ ತಿರುಗುತ್ತದೆ.

ಇನ್ನೊಂದು ಜಾಗ ದಿಬ್ಬದ ತುದಿ. ಏರಿ ಬಂದು ಇನ್ನೇನು ಇಳಿಯಬೇಕು ಎನ್ನುವಾಗ ಮುಂದಿನ ಚಕ್ರ ಮೇಲಕ್ಕೆ ಮುಖ ಮಾಡಿರುತ್ತದೆ. ಹ್ಯಾಂಡಲ್ ಲೈಟ್ ಆಕಾಶ ತೋರಿಸುತ್ತದೆ. ಆ ಅರ್ಧ ಕ್ಷಣ ಕೆಳಗೆ ಬಗ್ಗಿ ನೋಡಲು ಆಗುವುದು ತಲೆಯ ಮೇಲಿನ ಬೆಳಕಿನಿಂದ ಮಾತ್ರ. ಪಂಕ್ಚರ್ ಹಾಕುವಾಗ, ಚೈನ್ ಸರಿಮಾಡುವಾಗ ಎರಡು ಕೈಯೂ ಖಾಲಿ ಇರುತ್ತದೆ ಎನ್ನುವುದು ಮೇಲಿನ ಲಾಭ.

ಹಾಗಾದರೆ ಹೆಲ್ಮೆಟ್ ಲೈಟ್ ಒಂದೇ ಸಾಕಲ್ವಾ?

ಸಾಲದು. ಈ ಉತ್ತರವನ್ನು ದಯವಿಟ್ಟು ನಿಧಾನವಾಗಿ ಓದಿ. ಉಳಿದದ್ದನ್ನೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ನೆಲದಲ್ಲಿ ಏರು ಎಲ್ಲಿ, ತಗ್ಗು ಎಲ್ಲಿ ಎಂದು ನಮ್ಮ ಕಣ್ಣಿಗೆ ಹೇಳುವುದು ನೆರಳು. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿಬಿಡುತ್ತದೆ, ನಿಮಗೆ ಕಾಣುವುದೇ ಇಲ್ಲ. ಬೆಳಕು ಬೇಕಾದಷ್ಟಿರುತ್ತದೆ, ಆದರೆ ದಾರಿ ಗೋಡೆಗೆ ಅಂಟಿಸಿದ ಪಟದ ಹಾಗೆ ಚಪ್ಪಟೆಯಾಗಿ ಕಾಣುತ್ತದೆ.

ಒಂದು ಲೆಕ್ಕ ನೋಡಿ. ನಿಮ್ಮಿಂದ 5 ಮೀಟರ್ ಮುಂದೆ 10 ಸೆಂಟಿಮೀಟರ್ ಎತ್ತರದ ಕಲ್ಲು ಇದೆ. ನಿಮ್ಮ ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ, ಹ್ಯಾಂಡಲ್ ಲೈಟ್ 1 ಮೀಟರ್ ಎತ್ತರದಲ್ಲಿದೆ. ಹ್ಯಾಂಡಲ್ ಲೈಟ್‌ನಿಂದ ಆ ಕಲ್ಲಿನ ಹಿಂದೆ ಸುಮಾರು 55 ಸೆಂಟಿಮೀಟರ್ ನೆರಳು ಬೀಳುತ್ತದೆ. ಅದರಲ್ಲಿ 33 ಸೆಂಟಿಮೀಟರ್‌ನಷ್ಟನ್ನು ಕಲ್ಲೇ ಮರೆಮಾಡುತ್ತದೆ. ಉಳಿದ 22 ಸೆಂಟಿಮೀಟರ್, ಅಂದರೆ ಸರಿಯಾಗಿ ಒಂದು ಗೇಣು ಕಪ್ಪು ಪಟ್ಟಿ ನಿಮಗೆ ಕಾಣುತ್ತದೆ. ಆ ಒಂದು ಗೇಣು ನೋಡಿಯೇ ನೀವು "ಕಲ್ಲಿದೆ" ಎಂದು ಹ್ಯಾಂಡಲ್ ಎತ್ತುವುದು. ಹೆಲ್ಮೆಟ್ ಲೈಟ್ ಕಣ್ಣಿಗಿಂತ ಮೇಲಿರುವುದರಿಂದ ಆ ಗೇಣು ಸೊನ್ನೆಯಾಗುತ್ತದೆ.

ನಂಬಿಕೆ ಬರದಿದ್ದರೆ ಇವತ್ತು ರಾತ್ರಿ ಮನೆಯಂಗಳದಲ್ಲೋ ಟೆರೇಸಿನಲ್ಲೋ ನಾಲ್ಕು ಕಲ್ಲು ಇಟ್ಟು ನೋಡಿ. ಟಾರ್ಚನ್ನು ಹಣೆಗೆ ಒತ್ತಿ ಹಿಡಿದು ನೋಡಿ, ಆಮೇಲೆ ಸೊಂಟದ ಹತ್ತಿರ ಹಿಡಿದು ನೋಡಿ. ಕಲ್ಲುಗಳು ಎದ್ದು ನಿಂತ ಹಾಗೆ ಆಗುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಹೆಲ್ಮೆಟ್ ಲೈಟ್ ಒಂದನ್ನೇ ನಂಬಿ ಇಳಿಜಾರಿಗೆ ಇಳಿಯುವುದಿಲ್ಲ.

ಆದ್ದರಿಂದ ಎರಡೂ ಬೇಕು. ಹ್ಯಾಂಡಲ್‌ಗೆ ಅಗಲವಾಗಿ ಹರಡುವ ಬೆಳಕು, ತಲೆಗೆ ಕಿರಿದಾಗಿ ದೂರ ಹೋಗುವ ಬೆಳಕು. ತಲೆಯ ಬೆಳಕು ಹ್ಯಾಂಡಲ್‌ನದಕ್ಕಿಂತ ಕಡಿಮೆ ಇರಲಿ. ಜಾಸ್ತಿಯಾದರೆ ಹ್ಯಾಂಡಲ್ ಲೈಟ್ ಮೂಡಿಸಿದ ನೆರಳನ್ನೆಲ್ಲ ಅದು ತೊಳೆದುಹಾಕುತ್ತದೆ. ನಾನು ಹ್ಯಾಂಡಲ್‌ನಲ್ಲಿ 1200 ಲುಮೆನ್ (ಲೈಟ್ ಹೊರಬಿಡುವ ಒಟ್ಟು ಬೆಳಕಿನ ಅಳತೆ) ಇಟ್ಟರೆ ತಲೆಯಲ್ಲಿ 500–600ಕ್ಕೆ ನಿಲ್ಲಿಸುತ್ತೇನೆ. ಸದ್ಯಕ್ಕೆ ಒಂದೇ ಕೊಳ್ಳುವಷ್ಟು ದುಡ್ಡು ಇದೆ ಎಂದರೆ ಮೊದಲು ಹ್ಯಾಂಡಲ್ ಲೈಟ್ ಕೊಳ್ಳಿ, ನಿಧಾನವಾಗಿ ಓಡಿಸಿ, ಎರಡು ತಿಂಗಳು ಬಿಟ್ಟು ಇನ್ನೊಂದು ಕೊಳ್ಳಿ.

ಎಷ್ಟು ಲುಮೆನ್ ಬೇಕು?

ನೀವು ಎಷ್ಟು ಜೋರಾಗಿ ಓಡಿಸುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಐದೂವರೆ ಮೀಟರ್ ಮುಂದೆ ಹೋಗಿರುತ್ತೀರಿ. ಅಡ್ಡ ಬಿದ್ದ ಕೊಂಬೆ ಕಂಡು, ಏನೆಂದು ತಿಳಿದು, ಬೆರಳು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಗುತ್ತದೆ ಅಂದುಕೊಳ್ಳಿ. ಅಷ್ಟರಲ್ಲಿ 8 ಮೀಟರ್ ಆಯಿತು. ಜಲ್ಲಿ ಮಣ್ಣಿನಲ್ಲಿ ಜಾರದೆ ನಿಲ್ಲಲು ಇನ್ನೂ 4 ಮೀಟರ್ ಬೇಕು. ಒಟ್ಟು 12 ಮೀಟರ್. ಅದೇ ಲೆಕ್ಕದಲ್ಲಿ 30 ಕಿಲೋಮೀಟರ್ ವೇಗಕ್ಕೆ 21 ಮೀಟರ್ ಬೇಕಾಗುತ್ತದೆ. ವೇಗ ಒಂದೂವರೆ ಪಟ್ಟು ಆದರೆ ನಿಲ್ಲಲು ಬೇಕಾದ ದೂರ ಹತ್ತಿರ ಹತ್ತಿರ ಎರಡು ಪಟ್ಟು ಆಯಿತು.

ಬೆಳಕಿನ ಕಥೆ ಇದಕ್ಕಿಂತ ಕಷ್ಟದ್ದು. ದೂರ ಎರಡು ಪಟ್ಟಾದರೆ ನೆಲಕ್ಕೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಎರಡು ಪಟ್ಟು ದೂರ ಅಷ್ಟೇ ಚೆನ್ನಾಗಿ ಕಾಣಬೇಕಾದರೆ ನಾಲ್ಕು ಪಟ್ಟು ಬೆಳಕು ಬೇಕು.

ನಮ್ಮ ಕಡೆಯ ಬಂಡಿದಾರಿ, ಏರಿ ರಸ್ತೆಗಳಿಗೆ ತಲೆಯಲ್ಲಿ 400ರಿಂದ 600, ಹ್ಯಾಂಡಲ್‌ನಲ್ಲಿ 800ರಿಂದ 1200 ಇದ್ದರೆ ಆರಾಮ. ಕಲ್ಲು ಕೊರಕಲಿನ ಕಡಿದಾದ ಇಳಿಜಾರು ಹಾರುವವರಿಗೆ ತಲೆಯಲ್ಲಿ 1000, ಹ್ಯಾಂಡಲ್‌ನಲ್ಲಿ 2000ದವರೆಗೂ ಬೇಕಾಗಬಹುದು. ಹತ್ತುವಾಗ ಎರಡನ್ನೂ ಕಡಿಮೆ ಮಾಡಿ. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಏರುವವರಿಗೆ 200 ಲುಮೆನ್ ಬೇಕಾದಷ್ಟಾಯಿತು.

ಡಬ್ಬದ ಮೇಲೆ 10,000 ಲುಮೆನ್ ಎಂದು ಬರೆದಿದೆ, ಬೆಲೆಯೂ ಕಡಿಮೆ. ತೆಗೆದುಕೊಳ್ಳಲಾ?

ಬೇಡ. ನಾನು ಒಮ್ಮೆ ತೆಗೆದುಕೊಂಡಿದ್ದೆ. ಅಂಗಡಿಯ ಒಳಗೆ ಗೋಡೆಗೆ ಬಿಟ್ಟು ತೋರಿಸಿದಾಗ ಕಣ್ಣು ಕೋರೈಸಿತ್ತು. ಟ್ರೇಲ್‌ಗೆ ಹೋದ ಹತ್ತೇ ನಿಮಿಷಕ್ಕೆ ಲೈಟ್‌ನ ಮೈ ಕೈಸುಡುವಷ್ಟು ಬಿಸಿಯಾಗಿ, ಬೆಳಕು ಹಳೆಯ ಟಾರ್ಚಿನ ಮಟ್ಟಕ್ಕೆ ಬಂತು. ಹಿಂತಿರುಗಿ ಬರುವಾಗ ಗೆಳೆಯನ ಹಿಂದೆ, ಅವನ ಬೆಳಕಿನಲ್ಲಿ ಬಂದೆ.

ಲೆಕ್ಕ ನೀವೇ ಹಾಕಬಹುದು. ಒಳ್ಳೆಯ ಎಲ್‌ಇಡಿ ಲೈಟ್ ಒಂದು ವ್ಯಾಟ್‌ಗೆ ಹೆಚ್ಚುಕಡಿಮೆ 100 ಲುಮೆನ್ ಕೊಡುತ್ತದೆ. 10,000 ಲುಮೆನ್ ಎಂದರೆ 100 ವ್ಯಾಟ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವಾಗಿಯೇ ಹೋಗುತ್ತದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ತಾಗಿದರೆ ಬೊಬ್ಬೆ ಏಳುತ್ತದೆ. ಅಂಥ ಎರಡರ ಶಾಖವನ್ನು ಬೆಂಕಿಪೊಟ್ಟಣದಷ್ಟು ದೊಡ್ಡ ಲೈಟ್ ಹೇಗೆ ಹೊರಹಾಕೀತು?

ಒಳ್ಳೆಯ ಲೈಟ್‌ಗಳಲ್ಲೂ ಬಿಸಿಯಾದಾಗ ಬೆಳಕು ತಾನಾಗಿ ಕಡಿಮೆಯಾಗುವ ಏರ್ಪಾಟು ಇರುತ್ತದೆ. ಅದು ದೋಷವಲ್ಲ, ಎಲ್‌ಇಡಿ ಸುಟ್ಟುಹೋಗದಿರಲಿ ಎಂದು ಇಟ್ಟದ್ದು. ಓಡುವಾಗ ತಾಗುವ ಗಾಳಿಯೇ ಲೈಟನ್ನು ತಂಪು ಮಾಡುತ್ತದೆ. ಮಾತಾಡುತ್ತಾ ನಿಂತಾಗ ಪೂರ್ತಿ ಬೆಳಕಿನಲ್ಲಿ ಬಿಡಬೇಡಿ.

ಡಬ್ಬದ ಮೇಲೆ ಎಫ್‌ಎಲ್1 ಎಂಬ ಗುರುತು ಇದೆಯೇ ನೋಡಿ. ಟಾರ್ಚ್, ಹೆಡ್‌ಲ್ಯಾಂಪ್‌ಗಳನ್ನು ಅಳೆಯುವ ಅಮೆರಿಕದ ಮಾನದಂಡ ಅದು. ಅದರ ಪ್ರಕಾರ ಲುಮೆನ್ ಅಳೆಯಬೇಕಾದದ್ದು ಹಚ್ಚಿದ ಕೂಡಲೇ ಅಲ್ಲ, 30 ಸೆಕೆಂಡಿನಿಂದ 2 ನಿಮಿಷದ ಒಳಗೆ. ಆದರೆ ಅದರಲ್ಲೂ ಒಂದು ವಿಷಯ ತಿಳಿದಿರಲಿ. "3 ಗಂಟೆ ಬಾಳಿಕೆ" ಎಂದರೆ ಬೆಳಕು ಮೊದಲಿದ್ದದ್ದರ ನೂರಕ್ಕೆ ಹತ್ತು ಭಾಗಕ್ಕೆ ಇಳಿಯುವವರೆಗಿನ ಸಮಯ. ಮೂರನೇ ಗಂಟೆಯಲ್ಲಿ ನಿಮಗೆ ಸಿಗುವುದು 1000 ಅಲ್ಲ, 100 ಇರಬಹುದು.

ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ಬರುತ್ತದೆ?

ಹೆಚ್ಚಿನ ಹೆಲ್ಮೆಟ್ ಲೈಟ್‌ಗಳ ಒಳಗೆ ಇರುವುದು 18650 ಎಂಬ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹೆಸರೇ ಅಳತೆ ಹೇಳುತ್ತದೆ. ಈಗೀಗ ಸ್ವಲ್ಪ ದೊಡ್ಡದಾದ 21700 ಕೂಡ ಬರುತ್ತಿದೆ. 3500 ಎಂಎಎಚ್‌ನ ಒಳ್ಳೆಯ 18650 ಸೆಲ್‌ನಲ್ಲಿ ಸುಮಾರು 12.6 ವ್ಯಾಟ್-ಅವರ್ ಶಕ್ತಿ ಇರುತ್ತದೆ. 1000 ಲುಮೆನ್‌ಗೆ 10 ವ್ಯಾಟ್ ಬೇಕಲ್ಲ, ಹಾಗಾಗಿ ಒಂದು ಸೆಲ್‌ನಲ್ಲಿ ಒಂದೂಕಾಲು ಗಂಟೆ. 500ಕ್ಕೆ ಇಳಿಸಿದರೆ ಎರಡೂವರೆ ಗಂಟೆ. ಹಳೆಯ ಸೆಲ್ ಆದರೆ ಇದರಲ್ಲಿ ಕಾಲು ಭಾಗ ಕಳೆಯಿರಿ. ಒಂದೇ ಸೆಲ್‌ನ ಲೈಟ್‌ಗೆ "2000 ಲುಮೆನ್, 4 ಗಂಟೆ" ಎಂದು ಯಾರಾದರೂ ಹೇಳಿದರೆ ಈ ಗುಣಾಕಾರ ಮಾಡಿ ನೋಡಿ ಸಾಕು.

ಬ್ಯಾಟರಿ ಹೆಲ್ಮೆಟ್ ಮೇಲೆಯೇ ಇರಬೇಕಾ, ಜೇಬಿನಲ್ಲಿ ಇರಬೇಕಾ?

ಲೈಟ್, ಬ್ಯಾಟರಿ, ಹಿಡಿಕೆ ಎಲ್ಲ ಸೇರಿ 150 ಗ್ರಾಂ ಒಳಗಿದ್ದರೆ ಹೆಲ್ಮೆಟ್ ಮೇಲೆಯೇ ಇರಲಿ. ಕೇಬಲ್ ಕಾಟ ಇಲ್ಲ. ಅದಕ್ಕಿಂತ ಭಾರವಾದರೆ ಕಲ್ಲುದಾರಿಯಲ್ಲಿ ಹೆಲ್ಮೆಟ್ ಮುಂದಕ್ಕೆ ಜಾರಿ ಹುಬ್ಬಿನ ಮೇಲೆ ಕೂರುತ್ತದೆ, ಕತ್ತು ನೋಯುತ್ತದೆ. ಆಗ ಬ್ಯಾಟರಿಯನ್ನು ಬೆನ್ನಿನ ಜೇಬಿನಲ್ಲಿಟ್ಟು ಕೇಬಲ್ಲನ್ನು ಹೆಲ್ಮೆಟ್ಟಿನ ಹಿಂಭಾಗದಿಂದ ಇಳಿಸಿ. ಕೇಬಲ್‌ನ ಜೋಡಣೆ ಎಳೆದರೆ ಬಿಡಿಸಿಕೊಳ್ಳುವಂಥದ್ದೇ ಇರಬೇಕು. ಬಿದ್ದಾಗಲೂ, ಕೊಂಬೆಗೆ ಸಿಕ್ಕಾಗಲೂ ಅದು ಕಳಚಿಕೊಳ್ಳಬೇಕು.

ಹೆಲ್ಮೆಟ್‌ಗೆ ಹೇಗೆ ಕಟ್ಟಬೇಕು?

ಗಾಳಿಕಿಂಡಿಗಳ ಮೂಲಕ ವೆಲ್ಕ್ರೋ ಪಟ್ಟಿ ಹಾಯಿಸಿ ಬಿಗಿಯಾಗಿ ಎಳೆದು ಕಟ್ಟುವುದೇ ಒಳ್ಳೆಯ ದಾರಿ. ಹೆಲ್ಮೆಟ್ ಜೊತೆಗೇ ಹಿಡಿಕೆ ಬಂದಿದ್ದರೆ ಅದನ್ನೇ ಬಳಸಿ. ರಂಧ್ರ ಕೊರೆಯಬೇಡಿ. ಫೆವಿಕ್ವಿಕ್‌ನಂಥ ಅಂಟು ಹಚ್ಚಬೇಡಿ. ತಲೆ ಕಾಯುವುದು ಒಳಗಿನ ಥರ್ಮಾಕೋಲ್‌ನಂಥ ಪದರ, ಕೆಲವು ಅಂಟುಗಳು ಅದನ್ನು ಕರಗಿಸುತ್ತವೆ. ಹೊರಗೆ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ.

ನಾಲ್ಕು ಕೇಬಲ್ ಟೈ ಹಾಕಿ ಅಲ್ಲಾಡದ ಹಾಗೆ ಬಿಗಿಯುವುದನ್ನೂ ನೋಡಿದ್ದೇನೆ. ಅದು ಅಪಾಯ. ಬಿದ್ದಾಗ ಹೆಲ್ಮೆಟ್ ನೆಲದ ಮೇಲೆ ಜಾರಬೇಕು. ಗಟ್ಟಿಯಾಗಿ ಚಾಚಿಕೊಂಡ ಲೈಟ್ ಕಲ್ಲಿಗೆ ಸಿಕ್ಕಿಕೊಂಡರೆ ತಲೆಯನ್ನು ತಿರುಚುತ್ತದೆ, ಕತ್ತಿಗೆ ಪೆಟ್ಟು. ಲೈಟ್ ಕಿತ್ತುಹೋಗಲಿ, ಕತ್ತು ಉಳಿಯಲಿ. ಆದ್ದರಿಂದಲೇ ಆದಷ್ಟು ತಗ್ಗಾಗಿ, ಹೆಲ್ಮೆಟ್‌ಗೆ ಅಂಟಿಕೊಂಡ ಹಾಗೆ ಕೂರುವ ಲೈಟ್ ಆರಿಸಿಕೊಳ್ಳಿ.

ಎತ್ತ ಮುಖ ಮಾಡಿ ಇಡಬೇಕು?

ಮನೆಯಲ್ಲಿ ಕನ್ನಡಿ ಮುಂದೆ ಹೊಂದಿಸಿದರೆ ಟ್ರೇಲ್‌ನಲ್ಲಿ ತಪ್ಪಾಗಿಯೇ ಇರುತ್ತದೆ. ಸಮತಟ್ಟಾದ ಕತ್ತಲ ಜಾಗಕ್ಕೆ ಹೋಗಿ. ಸೈಕಲ್ ಮೇಲೆ ಹತ್ತಿ, ಪೆಡಲ್ ಮೇಲೆ ಎದ್ದು ನಿಂತು, ಇಳಿಜಾರಿನಲ್ಲಿ ಬಗ್ಗುವ ಹಾಗೆಯೇ ಬಗ್ಗಿ. ಗೆಳೆಯರೊಬ್ಬರು ಸೈಕಲ್ ಹಿಡಿದುಕೊಳ್ಳಲಿ. ಕಣ್ಣು ಸಹಜವಾಗಿ ಎಲ್ಲಿ ಬೀಳುತ್ತದೋ ಬೆಳಕಿನ ನಡುಭಾಗ ಅಲ್ಲೇ ಬೀಳಬೇಕು. ಹೆಚ್ಚಿನವರಿಗೆ ಅದು 10–15 ಮೀಟರ್ ಮುಂದೆ. ಹ್ಯಾಂಡಲ್ ಲೈಟ್‌ನ ಬೆಳಕು ಅದಕ್ಕಿಂತ ಹತ್ತಿರ, 5–8 ಮೀಟರ್‌ಗೆ ಬೀಳಲಿ. ಎರಡೂ ಒಂದರ ಮೇಲೊಂದು ಸ್ವಲ್ಪ ಹಾಯುವ ಹಾಗೆ ಇಟ್ಟರೆ ನಡುವೆ ಕತ್ತಲಿನ ಪಟ್ಟಿ ಉಳಿಯುವುದಿಲ್ಲ.

ಕತ್ತು ಬಗ್ಗಿಸಿ ಅಥವಾ ಎತ್ತಿ ಬೆಳಕು ಹುಡುಕಬೇಕಾಗಿ ಬಂದರೆ ಕೋನ ಸರಿಯಿಲ್ಲ ಎಂದರ್ಥ. ನಿಲ್ಲಿಸಿ, ಸರಿಮಾಡಿ, ಮುಂದೆ ಹೋಗಿ.

ಟ್ರೆಕ್ಕಿಂಗ್‌ಗೆ ಕೊಂಡ ಹೆಡ್‌ಲ್ಯಾಂಪ್ ನಡೆಯುತ್ತಾ?

ನಡೆಯುವವರ ವೇಗಕ್ಕೆ ಮಾಡಿದ ಬೆಳಕು ಅದು. ಇಲಾಸ್ಟಿಕ್ ಪಟ್ಟಿ ಹೆಲ್ಮೆಟ್ ಮೇಲೆ ನಿಲ್ಲುವುದೂ ಇಲ್ಲ, ಒಂದು ಗುಂಡಿ ಹಾರಿದರೆ ಮೂಗಿನ ಮೇಲಿರುತ್ತದೆ. ಆದರೆ ಬಿಸಾಡಬೇಡಿ, ಬ್ಯಾಗಿನಲ್ಲಿ ಮೂರನೇ ಲೈಟ್ ಆಗಿ ಇರಲಿ.

ಬಿಳಿ ಬೆಳಕು ಒಳ್ಳೆಯದಾ, ಸ್ವಲ್ಪ ಹಳದಿ ಇರುವುದಾ?

ನಮ್ಮ ಕೆಂಪು ಮಣ್ಣಿಗೆ ಸ್ವಲ್ಪ ಬೆಚ್ಚಗಿನ ಬಿಳಿ, 5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ನೀಲಿ) ಆಸುಪಾಸಿನದ್ದು, ನನಗೆ ಇಷ್ಟ. 6500 ಕೆಲ್ವಿನ್‌ನ ನೀಲಿ ಬಿಳುಪಿನಲ್ಲಿ ಮಣ್ಣು, ಒಣ ಎಲೆ, ಬೇರು ಎಲ್ಲ ಒಂದೇ ಬೂದಿ ಬಣ್ಣದಲ್ಲಿ ಕಾಣುತ್ತವೆ. ಬೆಚ್ಚಗಿನ ಬೆಳಕಿಗೆ ಹುಳಗಳೂ ಸ್ವಲ್ಪ ಕಡಿಮೆ ಬರುತ್ತವೆ. ಅದಕ್ಕೆಂದೇ ಹೊಸ ಲೈಟ್ ಕೊಳ್ಳುವಷ್ಟು ದೊಡ್ಡ ವಿಷಯವಲ್ಲ.

ಮಂಜು, ಮಳೆ, ಧೂಳು ಇದ್ದಾಗ?

ಡಿಸೆಂಬರ್, ಜನವರಿಯ ಬೆಳಗಿನ ಜಾವ ಕೆರೆ ಏರಿಯ ಮೇಲೆ ಮಂಜು ಕೂತಿರುತ್ತದೆ. ಹೆಲ್ಮೆಟ್ ಲೈಟ್ ಹಚ್ಚಿದರೆ ಕಣ್ಣೆದುರು ಬಿಳಿ ಪಂಚೆ ಹಿಡಿದ ಹಾಗೆ ಆಗುತ್ತದೆ. ಬೆಳಕು ಮಂಜಿನ ಹನಿಗೆ ಬಡಿದು ನೇರವಾಗಿ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಆಗ ತಲೆಯ ಲೈಟ್ ಆರಿಸಿ, ಇಲ್ಲವೇ ಪೂರ್ತಿ ಕಡಿಮೆ ಮಾಡಿ. ಹ್ಯಾಂಡಲ್ ಲೈಟನ್ನು ಇನ್ನಷ್ಟು ಕೆಳಕ್ಕೆ ಬಗ್ಗಿಸಿ. ಕಾರಿನವರು ಮಂಜಿನ ದೀಪವನ್ನು ಬಂಪರಿನ ಹತ್ತಿರ ಕೆಳಗೆ ಇಡುವುದು ಇದೇ ಕಾರಣಕ್ಕೆ.

ಬೇಸಿಗೆಯಲ್ಲಿ ಮುಂದಿನವನ ಚಕ್ರದ ಧೂಳೂ ಹೀಗೆಯೇ ಮಾಡುತ್ತದೆ. ಅಂತರ ಬಿಟ್ಟು ಓಡಿಸಿ. ಚಳಿಯಲ್ಲಿ ಏರು ಹತ್ತುವಾಗ ನಿಮ್ಮದೇ ಉಸಿರು ಬೆಳಕಿನಲ್ಲಿ ಹೊಗೆಯಾಗಿ ನಿಲ್ಲುತ್ತದೆ, ಗಾಬರಿ ಬೇಡ.

ಮಳೆಗೆ ಐಪಿಎಕ್ಸ್4 (ಲೈಟ್ ಎಷ್ಟು ನೀರು ತಡೆಯುತ್ತದೆ ಎಂದು ಹೇಳುವ ಗುರುತು) ಇದ್ದರೆ ಸಾಮಾನ್ಯ ಹನಿಗಳಿಗೆ ಸಾಕು. ಮುಂಗಾರಿನಲ್ಲಿ ಓಡಿಸುವವರು ಐಪಿಎಕ್ಸ್6 ನೋಡಿ ತೆಗೆದುಕೊಳ್ಳಿ. ಮೊದಲ ಮಳೆ ಬಿದ್ದ ಸಂಜೆ ಮಳೆಹುಳ ಏಳುತ್ತವಲ್ಲ, ಆಗ ನಿಮ್ಮ ತಲೆಯೇ ಬೀದಿದೀಪ. ಹುಳ ಕಣ್ಣಿಗೆ, ಬಾಯಿಗೆ ಬರುತ್ತವೆ. ಬಣ್ಣವಿಲ್ಲದ ಕನ್ನಡಕ ಹಾಕಿಯೇ ಹೊರಡಿ. ಆ ಅರ್ಧ ಗಂಟೆ ತಲೆಯ ಲೈಟ್ ಆರಿಸಿ ಹ್ಯಾಂಡಲ್ ಲೈಟ್‌ನಲ್ಲಿ ನಿಧಾನವಾಗಿ ಹೋದರೆ ಇನ್ನೂ ಒಳ್ಳೆಯದು.

ಎದುರಿಗೆ ಜನ ಬಂದರೆ?

ತಲೆಯ ಲೈಟ್ ಕಡಿಮೆ ಮಾಡಿ. ಗುಂಡಿ ಸಿಗದಿದ್ದರೆ ಅಂಗೈ ಅಡ್ಡ ಹಿಡಿಯಿರಿ, ಅಥವಾ ಮುಖ ಪಕ್ಕಕ್ಕೆ ತಿರುಗಿಸಿ. ಹೊಸಬರು ಮಾಡುವ ತಪ್ಪು ಇದೇ: ಯಾರೋ ಬಂದರು ಎಂದು ಅವರ ಮುಖವನ್ನೇ ನೋಡುತ್ತಾರೆ. ನೀವು ನೋಡಿದ ಕಡೆಗೇ 600 ಲುಮೆನ್ ಹೋಗುತ್ತದಲ್ಲ! ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವ ರೈತರು, ಡೈರಿಗೆ ಹಾಲು ಹಾಕಲು ಬೆಳಗಿನ ಜಾವ ಬೈಕ್‌ನಲ್ಲಿ ಹೊರಟವರು ನಮಗೆ ಸಿಗುತ್ತಾರೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಅದನ್ನು ಒಂದು ಕ್ಷಣದಲ್ಲಿ ಕೆಡಿಸಿಬಿಡುತ್ತೇವೆ. ಅವರು ಗಾಡಿ ಸಮೇತ ಕಾಲುವೆಗೆ ಇಳಿದರೆ ತಪ್ಪು ನಮ್ಮದೇ. ನಿಲ್ಲಿ, ದಾರಿ ಬಿಡಿ, "ಹೋಗಿ ಅಣ್ಣ" ಎನ್ನಿ. ಮುಂದಿನ ಸಲ ಅದೇ ದಾರಿಯಲ್ಲಿ ಅವರೇ "ಮುಂದೆ ಕಾಲುವೆ ಒಡೆದಿದೆ, ಆ ಕಡೆ ಹೋಗಬೇಡಿ" ಎಂದು ಹೇಳುತ್ತಾರೆ.

ಟಾರ್ ರೋಡಿಗೆ ಬಂದ ಕೂಡಲೇ ತಲೆಯ ಲೈಟ್ ಆರಿಸಿ. ಹಿಂದೆ ಕೆಂಪು ದೀಪ ಕಡ್ಡಾಯ.

ಬೆಂಗಳೂರಿನ ಸುತ್ತ ರಾತ್ರಿ ಎಲ್ಲಿ ಓಡಿಸಬಹುದು?

ಮೊದಲು ಎಲ್ಲಿ ಬೇಡ ಎನ್ನುವುದನ್ನು ಹೇಳುತ್ತೇನೆ. ತುರಹಳ್ಳಿ, ಅವಲಹಳ್ಳಿ ಎರಡೂ ಮೌಂಟನ್ ಬೈಕ್‌ನವರಿಗೆ ಗೊತ್ತಿರುವ ಹೆಸರುಗಳು. ಎರಡೂ ಅರಣ್ಯ ಇಲಾಖೆಯ ಕಾಡು. ಕತ್ತಲಾದ ಮೇಲೆ ಒಳಗೆ ಹೋಗುವ ಹಾಗಿಲ್ಲ. ಬನ್ನೇರುಘಟ್ಟದ ಕಾಡಂಚಿನಲ್ಲಿ ಆನೆ ಓಡಾಡುತ್ತವೆ, ಆ ಕಡೆಯ ಮಣ್ಣುದಾರಿಗಳನ್ನು ರಾತ್ರಿ ಮರೆತುಬಿಡಿ. ಬಂಡೀಪುರದ ಹೆದ್ದಾರಿಯಲ್ಲೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಬಿಡುವುದಿಲ್ಲ, 2009ರಿಂದಲೂ ಹೀಗೆ. ರಾತ್ರಿ ಕಾಡು ಪ್ರಾಣಿಗಳದ್ದು. ನಮ್ಮ ಖುಷಿಗೆ ಅಲ್ಲಿ 1000 ಲುಮೆನ್ ಹೊತ್ತು ನುಗ್ಗುವುದು ಸರಿಯಲ್ಲ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಉಳಿದದ್ದು ಊರುಗಳ ನಡುವಿನ ಬಂಡಿದಾರಿ, ಕೆರೆ ಏರಿ, ಹೊಲದ ಬದಿಯ ದಾರಿ. ಯಾವ ದಾರಿಯನ್ನಾದರೂ ಮೊದಲು ಹಗಲಲ್ಲಿ ಎರಡು ಸಲ ಓಡಿಸಿ. ಮುಳ್ಳುತಂತಿ ಎಲ್ಲಿ, ತೋಟದ ಗೇಟಿನ ಚೈನು ಎಲ್ಲಿ, ಕಲ್ಲುಕ್ವಾರಿಯ ಅಂಚು ಎಲ್ಲಿ ಎಂದು ತಿಳಿದುಕೊಳ್ಳಿ. ಅಡ್ಡ ಕಟ್ಟಿದ ತಂತಿ ಹೆಲ್ಮೆಟ್ ಲೈಟ್‌ಗೆ ಕಾಣುವುದೇ ಇಲ್ಲ ಎನ್ನಬಹುದು, ಅಷ್ಟು ಸಣ್ಣ. ಹಂದಿ ಕಾಟಕ್ಕೆ ಕೆಲವರು ಬೇಲಿಗೆ ಕರೆಂಟ್ ಬಿಟ್ಟಿರುವುದೂ ಉಂಟು. ಆದ್ದರಿಂದ ಬೇಲಿ ದಾಟಬೇಡಿ, ಬೇಲಿಗೆ ಸೈಕಲ್ ಒರಗಿಸಬೇಡಿ.

ಹಾವು, ನಾಯಿ, ಚಿರತೆ ಸಿಕ್ಕರೆ?

ಹೆಲ್ಮೆಟ್ ಲೈಟ್‌ನ ಒಂದು ಗುಣ ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ. ದನ, ನಾಯಿ, ಬೆಕ್ಕು, ಚಿರತೆಯಂಥ ಪ್ರಾಣಿಗಳ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇರುತ್ತದೆ. ಅದು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಬೆಳಕು ನಿಮ್ಮ ಕಣ್ಣಿನ ಪಕ್ಕದಿಂದಲೇ ಹೋಗಿದ್ದರೆ ಆ ಹೊಳಪು ನಿಮಗೇ ಬರುತ್ತದೆ. ಹ್ಯಾಂಡಲ್ ಲೈಟ್‌ನದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ನೆರಳು ನುಂಗಿದ ಅದೇ ಕಾರಣ ಇಲ್ಲಿ ಕಣ್ಣುಗಳನ್ನು ತೋರಿಸಿಕೊಡುತ್ತದೆ. ದಾರಿಯಲ್ಲಿ ಮಲಗಿದ ಎಮ್ಮೆಯ ಕಪ್ಪು ಮೈ ಕಾಣುವ ಎಷ್ಟೋ ಮುಂಚೆ ಎರಡು ಹಸಿರು ಚುಕ್ಕಿ ಕಾಣುತ್ತವೆ.

ಮೊದಲ ಸಲ ನನ್ನನ್ನು ಬೆರಗಾಗಿಸಿದ್ದು ಜೇಡ. ಮಳೆ ನಿಂತ ಒಂದು ರಾತ್ರಿ ಹುಲ್ಲಿನ ತುಂಬ ಸಣ್ಣ ಸಣ್ಣ ಹಸಿರು ಮಿಣುಕು. ಇಬ್ಬನಿ ಅಂದುಕೊಂಡೆ. ಒಂದನ್ನೇ ನೋಡುತ್ತಾ ಹತ್ತಿರ ಹೋಗಿ ಬಗ್ಗಿದರೆ, ಹುಲ್ಲಿನ ಬುಡದಲ್ಲಿ ಬೆರಳುಗುರಿನಷ್ಟು ದೊಡ್ಡ ಬೂದು ಬಣ್ಣದ ಜೇಡ ಕೂತಿತ್ತು. ಅದರ ಕಣ್ಣು ಆ ಹೊಳಪು. ಇಡೀ ಗದ್ದೆಬಯಲು ಜೇಡಗಳ ಕಣ್ಣಿನಿಂದ ಮಿನುಗುತ್ತಿತ್ತು. ಲೈಟನ್ನು ತಲೆಯಿಂದ ತೆಗೆದು ಮೊಣಕಾಲಿನ ಹತ್ತಿರ ಹಿಡಿದೆ, ಎಲ್ಲ ಆರಿಹೋದವು. ಮತ್ತೆ ಹಣೆಗೆ ಹಿಡಿದೆ, ಎಲ್ಲ ಹತ್ತಿಕೊಂಡವು. ದಾರಿಯ ನಡುವೆಯೇ ಕೂರುವ ನತ್ತಿಂಗ ಹಕ್ಕಿಯ ಕಣ್ಣು ಕೆಂಡದ ಹಾಗೆ ಕಾಣುತ್ತದೆ, ಚಕ್ರ ಹತ್ತಿರ ಬರುವವರೆಗೂ ಅದು ಏಳುವುದಿಲ್ಲ. ನಿಧಾನ ಮಾಡಿ.

ಹಾವಿನ ಕಣ್ಣು ಹೀಗೆ ಹೊಳೆಯುವುದಿಲ್ಲ. ಕೊಳಕುಮಂಡಲ, ಕಟ್ಟುಹಾವು ಎರಡೂ ರಾತ್ರಿ ಓಡಾಡುವಂಥವು, ಕೊಳಕುಮಂಡಲ ಒಣ ಎಲೆಯ ಬಣ್ಣದಲ್ಲೇ ಇರುತ್ತದೆ. ಸೈಕಲ್ ಮೇಲಿದ್ದಾಗ ಅಪಾಯ ಕಡಿಮೆ, ಕಾಲು ಕೆಳಗಿಟ್ಟಾಗ ಜಾಸ್ತಿ. ಕಾಲಿಡುವ ಮುಂಚೆ ಆ ಜಾಗವನ್ನು ತಲೆಯ ಬೆಳಕಿನಲ್ಲಿ ನೋಡಿ. ಪಂಕ್ಚರ್ ಹಾಕಲು ಹುಲ್ಲಿನಲ್ಲಿ ಕೂರಬೇಡಿ, ಬರಿ ಮಣ್ಣಿನ ಜಾಗ ಹುಡುಕಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ. ಆ ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆ. ತುರ್ತಿಗೆ 112.

ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ ಅಡ್ಡ ಹಿಡಿದು ನಿಧಾನವಾಗಿ ನಡೆಯಿರಿ. ದೊಡ್ಡ ಕಣ್ಣುಗಳು ನೆಲದಿಂದ ಎತ್ತರದಲ್ಲಿ, ಅಲ್ಲಾಡದೆ ನಿಮ್ಮನ್ನೇ ನೋಡುತ್ತಿದ್ದರೆ ಹತ್ತಿರ ಹೋಗಿ ಏನೆಂದು ನೋಡುವ ಆಸೆ ಬೇಡ. ಬೆನ್ನು ತಿರುಗಿಸದೆ, ಓಡದೆ, ಜೋರಾಗಿ ಮಾತಾಡುತ್ತಾ ಹಿಂದೆ ಸರಿಯಿರಿ.

ದಾರಿಯಲ್ಲಿ ಲೈಟ್ ಕೈಕೊಟ್ಟರೆ?

ಇದಕ್ಕೇ ಎರಡು ಲೈಟ್, ಎರಡು ಬೇರೆ ಬೇರೆ ಬ್ಯಾಟರಿ. ಒಂದೇ ಬ್ಯಾಟರಿಯಿಂದ ಎರಡಕ್ಕೂ ಕೇಬಲ್ ಎಳೆದವರ ಎರಡೂ ಲೈಟ್ ಒಟ್ಟಿಗೆ ಆರುತ್ತವೆ.

ಕೆಲವು ವರ್ಷದ ಹಿಂದೆ ನಾನು ಒಂದೇ ಲೈಟ್‌ನಲ್ಲಿ ಹೊರಟಿದ್ದೆ. ಕೆರೆ ಏರಿಯ ನಡುವೆ, ಇಳಿಜಾರಿನಲ್ಲಿ, ಎಚ್ಚರಿಕೆಯ ಕೆಂಪು ದೀಪವೂ ಬರದೆ ಆರಿತು. ಪ್ರಖರ ಬೆಳಕಿನಿಂದ ಒಮ್ಮೆಲೇ ಕತ್ತಲಿಗೆ ಬಂದರೆ ಏನೂ ಕಾಣುವುದಿಲ್ಲ, ಕಣ್ಣು ಮುಚ್ಚಿದ್ದೇವೋ ತೆರೆದಿದ್ದೇವೋ ಎನ್ನುವುದೂ ತಿಳಿಯುವುದಿಲ್ಲ. ಎಡಕ್ಕೆ ನೀರು, ಬಲಕ್ಕೆ ಹತ್ತಡಿ ತಗ್ಗು. ಬ್ರೇಕ್ ಹಿಡಿದು ನೇರವಾಗಿ ನಿಲ್ಲಲು ಆಯಿತು, ಅದು ನನ್ನ ಪುಣ್ಯ. ಅಲ್ಲಿಂದ ಮನೆಗೆ ನಾಲ್ಕು ಕಿಲೋಮೀಟರ್ ಮೊಬೈಲ್ ಟಾರ್ಚ್ ಹಿಡಿದು ಸೈಕಲ್ ತಳ್ಳಿಕೊಂಡು ಬಂದೆ.

ಆವತ್ತಿನಿಂದ ನನ್ನ ಅಭ್ಯಾಸ: ಹೊರಡುವ ಮುಂಚೆ ಎರಡೂ ಪೂರ್ತಿ ಚಾರ್ಜ್. ಬ್ಯಾಟರಿ ಅರ್ಧಕ್ಕೆ ಬಂದಾಗ ವಾಪಸ್ ತಿರುಗುವುದು, ಎಲ್ಲಿದ್ದರೂ ಸರಿ. ಆರಿದರೆ ತಿರುಗಿಸದೆ, ನೇರವಾಗಿ ಬ್ರೇಕ್ ಹಿಡಿದು ನಿಲ್ಲುವುದು. ಒಬ್ಬನೇ ಹೋಗದಿರುವುದು.

ಹೊರದೇಶಗಳಲ್ಲಿ ಇಡೀ ರಾತ್ರಿ ಓಡಿಸುತ್ತಾರಂತೆ, ಹೌದಾ?

ಹೌದು, 24 ಗಂಟೆಗಳ ರೇಸ್‌ಗಳಿವೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1992ರಲ್ಲಿ ಶುರುವಾದ "24 ಅವರ್ಸ್ ಆಫ್ ಕೆನೇನ್" ಅಂಥ ರೇಸ್‌ಗಳಿಗೆ ದಾರಿ ಹಾಕಿಕೊಟ್ಟಿತು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ಜನವರಿಯಲ್ಲಿ ನಡೆಯುವ ಸ್ಟ್ರಾತ್‌ಪಫರ್‌ನಲ್ಲಿ 24 ಗಂಟೆಯಲ್ಲಿ ಸುಮಾರು 17 ಗಂಟೆ ಕತ್ತಲೆಯೇ. ಮೊದಮೊದಲು ಹ್ಯಾಲೊಜೆನ್ ಬಲ್ಬು, ನೀರಿನ ಬಾಟಲಿಯಷ್ಟು ದೊಡ್ಡ ಬ್ಯಾಟರಿ. ಬಿಳಿ ಎಲ್‌ಇಡಿ, ಲಿಥಿಯಂ ಸೆಲ್ ಬಂದ ಮೇಲೆ ಅಷ್ಟು ಬೆಳಕು ಅಂಗೈಯಲ್ಲಿ ಹಿಡಿಯುವ ಹಾಗಾಯಿತು. ಬಿಳಿ ಎಲ್‌ಇಡಿ ಸಾಧ್ಯವಾಗಿದ್ದು ನೀಲಿ ಎಲ್‌ಇಡಿಯಿಂದ. ಅದನ್ನು ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನನ್ನ ತಲೆ ಮೇಲಿನ ದೀಪ ನೋಡಿದಾಗೆಲ್ಲ ಆ ಮೂವರನ್ನು ನೆನೆಯುತ್ತೇನೆ.

ಮೊದಲ ರಾತ್ರಿ ಹೇಗೆ ಶುರು ಮಾಡಲಿ?

ಕಣ್ಣು ಮುಚ್ಚಿ ಓಡಿಸುವಷ್ಟು ಪರಿಚಯ ಇರುವ ದಾರಿ ಆರಿಸಿ. ಸೂರ್ಯ ಮುಳುಗುವ ಮುಂಚೆಯೇ ಹೊರಡಿ, ಕತ್ತಲು ನಿಮ್ಮ ಸುತ್ತ ಮೆಲ್ಲಗೆ ಇಳಿಯಲಿ. ಹಗಲಿನ ವೇಗದಲ್ಲಿ ಮೂರನೇ ಎರಡು ಭಾಗ ಸಾಕು. ಇಬ್ಬರು ಮೂವರು ಇರಿ. ಹಿಂದೆ ಬರುವವರ ತಲೆಯ ಲೈಟ್ ಮುಂದಿನವರ ನೆರಳನ್ನು ದಾರಿಯ ಮೇಲೆ ಹಾಕುತ್ತದೆ, ಹಾಗಾಗಿ ಮೂರು ನಾಲ್ಕು ಸೈಕಲ್ ಉದ್ದದ ಅಂತರ ಬಿಡಿ. ಮನೆಯಲ್ಲಿ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಹೇಳಿಯೇ ಹೊರಡಿ.

ಮನೆಗೆ ಬಂದ ಮೇಲೆ ಲೈಟ್‌ಗೆ ಏನು ಮಾಡಬೇಕು?

ಬಿಸಿ ಇರುವಾಗಲೇ ಚಾರ್ಜ್‌ಗೆ ಹಾಕಬೇಡಿ, ಅರ್ಧ ಗಂಟೆ ಬಿಡಿ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ತೆಗೆದು ಕೆಸರು, ಬೆವರು ಒರೆಸಿ. ಮಳೆಯಲ್ಲಿ ನೆನೆದಿದ್ದರೆ ರಾತ್ರಿಯೆಲ್ಲ ಫ್ಯಾನ್ ಕೆಳಗೆ ಒಣಗಲಿ. ಹೊದಿಕೆಯ ಹತ್ತಿರ, ಹಾಸಿಗೆಯ ಮೇಲೆ ಚಾರ್ಜ್ ಮಾಡಬೇಡಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಎಂದರೆ ಅರ್ಧ ಚಾರ್ಜ್‌ನಲ್ಲಿ ತಣ್ಣಗಿನ ಜಾಗದಲ್ಲಿಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ. ಸೆಲ್ ಉಬ್ಬಿದ್ದರೆ, ಮೇಲಿನ ಪ್ಲಾಸ್ಟಿಕ್ ಹರಿದಿದ್ದರೆ ಅದನ್ನು ಮತ್ತೆ ಬಳಸಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ವೆಲ್ಕ್ರೋ ಪಟ್ಟಿಗೆ ಅಂಟಿದ ಹುಲ್ಲುಮುಳ್ಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಅದು ತುಂಬಿಕೊಂಡರೆ ಪಟ್ಟಿ ಹಿಡಿಯುವುದಿಲ್ಲ.